ಎ6 ಮ್ಯಾಗ್ನೆಟ್ರಾನ್: ಗೆದ್ದ ಮೋಡ್ ನಿಜವೋ, ಗ್ರಿಡ್ ಗೆಲ್ಲಿಸಿದ್ದೋ?

ಬೆಳಗಾವಿಯ ಟಿಳಕವಾಡಿಯ ಕೋಣೆಯಲ್ಲಿ, ಒಂದೇ ಡೆಸ್ಕ್‌ಟಾಪ್‌ನಲ್ಲಿ, ಎ6 ರಿಲೇಟಿವಿಸ್ಟಿಕ್ ಮ್ಯಾಗ್ನೆಟ್ರಾನ್‌ನ ಎರಡು ಆಯಾಮದ ಸಿಮ್ಯುಲೇಶನ್ ಮಾಡಿದ ಕ್ರಮವಿದು. ಮ್ಯಾಗ್ನೆಟ್ರಾನ್ ಎಂದರೆ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳಿಂದ ಮೈಕ್ರೋವೇವ್ ಹೊರಡಿಸುವ ಸಾಧನ. ಅದರೊಳಗೆ ಅಲೆ ಕಂಪಿಸಬಲ್ಲ ಒಂದೊಂದು ರೀತಿಯೂ ಒಂದು ಮೋಡ್. 1979ರಲ್ಲಿ ಎಂಐಟಿಯ ಪಲೆವ್‌ಸ್ಕಿ ಮತ್ತು ಬೆಕೆಫಿ ಪ್ರಕಟಿಸಿದ ವಿನ್ಯಾಸ: ನಡುವೆ ಎಲೆಕ್ಟ್ರಾನ್ ಬಿಡುವ ಕ್ಯಾಥೋಡ್‌ನ ತ್ರಿಜ್ಯ 1.58 ಸೆಂ.ಮೀ., ಅದನ್ನು ಸುತ್ತುವರಿದ ಆನೋಡ್ 2.11, ಆನೋಡ್‌ನಲ್ಲಿ ಕೊರೆದ ಗೂಡಿನ, ಅಂದರೆ ಕ್ಯಾವಿಟಿಯ, ತಳ 4.11, ತಲಾ 20 ಡಿಗ್ರಿ ಅಗಲದ ಆರು ಕ್ಯಾವಿಟಿ.

ಕೋಡ್ ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ. 350 ಕಿಲೊವೋಲ್ಟ್‌ಗೆ ಹಲ್ ಕಟಾಫ್ ಸುಮಾರು 0.5 ಟೆಸ್ಲಾ, ಕಾಂತಕ್ಷೇತ್ರ ಅದಕ್ಕಿಂತ ಕಡಿಮೆಯಾದರೆ ಎಲೆಕ್ಟ್ರಾನ್‌ಗಳು ನೇರ ಆನೋಡ್‌ಗೆ ಬಡಿಯುತ್ತವೆ. ನಾನು ಇಟ್ಟದ್ದು 0.72. ಒಂದು ಮೋಡ್ ಶುರುವಾಗಲು ಬೇಕಾದ ಕನಿಷ್ಠ ವೋಲ್ಟೇಜ್ ಹೇಳುವ ಬುನೆಮನ್-ಹಾರ್ಟ್ರೀ ಸೂತ್ರಕ್ಕೆ ಪೈ ಮೋಡ್‌ನ (ಅಕ್ಕಪಕ್ಕದ ಕ್ಯಾವಿಟಿಗಳು ಒಂದಕ್ಕೊಂದು ವಿರುದ್ಧವಾಗಿ ಕಂಪಿಸುವ ಮೋಡ್) 2.34 ಗಿಗಾಹರ್ಟ್ಸ್ ಹಾಕಿದರೆ 314 ಕಿಲೊವೋಲ್ಟ್, 2ಪೈ ಮೋಡ್‌ನ (ಎಲ್ಲವೂ ಒಟ್ಟಿಗೆ ಕಂಪಿಸುವ ಮೋಡ್) 4.6 ಹಾಕಿದರೆ 309. ಆವೃತ್ತಿ ಹೆಚ್ಚುಕಡಿಮೆ ದುಪ್ಪಟ್ಟು, ಸುತ್ತಿನಲ್ಲಿ ಹಿಡಿಸುವ ಅಲೆಗಳೂ ಮೂರರ ಬದಲು ಆರು. ಹಾಗಾಗಿ ಎರಡೂ ಬೆಳಕಿನ ಮೂರನೇ ಒಂದು ಪಾಲು ವೇಗದಲ್ಲೇ ತಿರುಗುತ್ತವೆ. ಪೈಪೋಟಿಯ ಬೇರು ಇಲ್ಲಿದೆ. ಅನುರಣನ ಆವೃತ್ತಿ ಶೇ. 1ರಷ್ಟು ತಪ್ಪಿದರೂ ಮಿತಿ ಸುಮಾರು 3 ಕಿಲೊವೋಲ್ಟ್ ಸರಿಯುತ್ತದೆ. ಇರುವ ಅಂತರವೇ ಐದು!

ಅದಕ್ಕೇ, ಜಾಗವನ್ನು ಸಣ್ಣ ಕೋಶಗಳಾಗಿ ಹಂಚುವ ಗ್ರಿಡ್ ಚೌಕದ್ದು ಬೇಡ. ಆರು ಕ್ಯಾವಿಟಿಗಳಲ್ಲಿ ಎರಡು ಮಾತ್ರ ಅಕ್ಷಕ್ಕೆ ನೇರವಾಗಿ ಕೂರುತ್ತವೆ, ಉಳಿದ ನಾಲ್ಕರ ಗೋಡೆ ಬೇರೆಯೇ ರೀತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆರೂ ಒಂದೇ ಶ್ರುತಿಯಲ್ಲಿರುವುದಿಲ್ಲ. ಧ್ರುವೀಯ ಗ್ರಿಡ್ ಬಳಸಿ: ಕೋನಕ್ಕೆ 1 ಡಿಗ್ರಿ, ಕ್ಯಾಥೋಡ್-ಆನೋಡ್ ನಡುವೆ 16 ಕೋಶ. ಕ್ಯಾಥೋಡ್ ಪಕ್ಕದ ಕೋಶಗಳೇ ಅತಿ ಸಣ್ಣವು, ಅಲ್ಲಿ ಕೂರಂಟ್ ಮಿತಿ (ಲೆಕ್ಕ ಹದಗೆಡದಂತೆ ಇಡಬಹುದಾದ ಅತಿ ದೊಡ್ಡ ಸಮಯದ ಹೆಜ್ಜೆ) 0.7 ಪಿಕೊಸೆಕೆಂಡ್, ಹೆಜ್ಜೆ 0.6 ಸಾಕು.

ಸಮಯ ಉಳಿಸಲು ವೃತ್ತ ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ. ಎರಡು ಅಂಚುಗಳನ್ನು ಒಂದಕ್ಕೊಂದು ಜೋಡಿಸಿದ 60 ಡಿಗ್ರಿಯ ತುಂಡಿನಲ್ಲಿ 2ಪೈ ಬಿಟ್ಟು ಬೇರೆ ಮೋಡ್‌ಗೆ ಜಾಗವೇ ಇಲ್ಲ. ಅರ್ಧ ವೃತ್ತ ಇನ್ನೂ ಮೋಸ: ಪೂರ್ತಿ ಅರ್ಧದಂತೆ ಕಂಡರೂ ಮೂರು ಅಲೆಯ ಪೈ ಮೋಡ್ ಅದರಲ್ಲಿ ಹಿಡಿಸುವುದಿಲ್ಲ. ಪೂರ್ತಿ ವೃತ್ತವೇ ಬೇಕು.

ವೋಲ್ಟೇಜನ್ನು ಒಮ್ಮೆಲೇ ಏರಿಸದೆ 10 ನ್ಯಾನೊಸೆಕೆಂಡಿನಲ್ಲಿ ಏರಿಸಿ.

ಮೋಡ್ ಗುರುತಿಸಲು ಆರು ಕ್ಯಾವಿಟಿಗೆ ಆರು ಪ್ರೋಬ್ ಸಾಲದು. ಸೊನ್ನೆ ಅಲೆಗೂ ಆರು ಅಲೆಗೂ ಅವು ಒಂದೇ ಉತ್ತರ ಕೊಡುತ್ತವೆ. ಆನೋಡ್‌ಗೆ ಹತ್ತಿರದ ಒಂದು ಉಂಗುರದಲ್ಲಿ 360 ಬಿಂದುಗಳ ಕೋನೀಯ ವಿದ್ಯುತ್ ಕ್ಷೇತ್ರ ತೆಗೆದು, ಸುತ್ತಿನಲ್ಲಿ ಎಷ್ಟು ಅಲೆ ಇವೆ ಎಂದು ತಿಳಿಯಲು ಫೂರಿಯೆ ವಿಶ್ಲೇಷಣೆ ಮಾಡಿ. ಎಲೆಕ್ಟ್ರಾನ್ ಮೋಡದ ಚಿತ್ರದಲ್ಲೂ ಎಣಿಸಿ: ಪೈ ಮೋಡ್‌ಗೆ ಮೂರು ಕಡ್ಡಿ, 2ಪೈಗೆ ಆರು.

ಸಿಮ್ಯುಲೇಶನ್‌ನಲ್ಲಿ ಎಲೆಕ್ಟ್ರಾನ್‌ಗಳ ಗುಂಪಿಗೆ ಬದಲಾಗಿ ಇಡುವ ಕಣಗಳು ಕಡಿಮೆಯಿದ್ದರೆ ಗದ್ದಲ ಜಾಸ್ತಿ, ಆ ಗದ್ದಲವೇ ಒಂದು ಮೋಡ್‌ಗೆ ಮುನ್ನಡೆ ಕೊಡುತ್ತದೆ. ಐದು ಬೇರೆ ಬೇರೆ ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಆರಂಭದ ಬೆಲೆ) ಹಾಕಿ ಓಡಿಸಿ, ಆಮೇಲೆ ಕಣಗಳನ್ನು ದುಪ್ಪಟ್ಟು ಮಾಡಿ ಮತ್ತೆ ಐದು. ಗೆಲ್ಲುವ ಮೋಡ್ ಬದಲಾಗುತ್ತಿದ್ದರೆ ಆ ಫಲಿತಾಂಶ ನಂಬಬೇಡಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಪ್ರತಿ 5 ನ್ಯಾನೊಸೆಕೆಂಡಿಗೆ ಚೆಕ್‌ಪಾಯಿಂಟ್ ಇಟ್ಟಿದ್ದೇನೆ. ಕಣ, ಕ್ಷೇತ್ರಗಳ ಜೊತೆ ರ‍್ಯಾಂಡಮ್ ಜನರೇಟರ್‌ನ ಸ್ಥಿತಿಯನ್ನೂ ಉಳಿಸಬೇಕು. ಇಲ್ಲದಿದ್ದರೆ ಮರಳಿ ಶುರುವಾದ ರನ್ ಬೇರೆ ದಾರಿ ಹಿಡಿದು ಹೋಲಿಕೆ ಕೆಡುತ್ತದೆ.

ಪೈ ಮೋಡ್ ಖಚಿತವಾಗಿ ಬೇಕೆಂದರೆ ಮಿಶಿಗನ್ ವಿಶ್ವವಿದ್ಯಾಲಯದವರ ಉಪಾಯವಿದೆ: ಕ್ಯಾಥೋಡ್‌ನ ಸುತ್ತಲೂ ಎಲೆಕ್ಟ್ರಾನ್ ಬಿಡದೆ, 120 ಡಿಗ್ರಿಗೊಂದರಂತೆ ಮೂರು ಪಟ್ಟಿಗಳಿಂದ ಮಾತ್ರ ಬಿಡುವುದು. ಮೂರು ಕಡ್ಡಿಗಳ ಬೀಜ ಮೊದಲೇ ಬಿತ್ತಿದಂತೆ. ಕೋಡ್‌ನಲ್ಲಿ ಇದಕ್ಕೆ ಬೇಕಾದದ್ದು ಎಮಿಶನ್ ಕೋಶಗಳ ಪಟ್ಟಿ ಬದಲಿಸುವುದಷ್ಟೇ.