ಯೂರಿಕ್ ಆಸಿಡ್ ಮಾತ್ರೆಗೂ ಮೊದಲು ಕಿಡ್ನಿ, ಹೃದಯ ನೋಡಿ

ದಾವಣಗೆರೆಯ ಪಿ.ಜೆ. ಬಡಾವಣೆ ಹತ್ತಿರ ನನ್ನ ಮೆಡಿಕಲ್ ಶಾಪ್ ಇದೆ. ಕಾಲಿನ ಹೆಬ್ಬೆರಳು ಕೆಂಪಗೆ ಊದಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬರುವವರು ಚೀಟಿ ಇಲ್ಲದೆ "ಯೂರಿಕ್ ಆಸಿಡ್ ಮಾತ್ರೆ ಕೊಡಿ" ಅಂತಾರೆ. ಇದು ಹೆಚ್ಚಾಗಿ ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಏರಿ ಕೀಲಿನಲ್ಲಿ ಹರಳುಗಟ್ಟುವ ಕಾಯಿಲೆ. ಆದರೂ ನಾನು ಮಾತ್ರೆ ಕೊಡುವುದಿಲ್ಲ.

ಮೊದಲು ಡಾಕ್ಟರ್ ಹತ್ತಿರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡಿಸಿ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಕಿಡ್ನಿ ಕಲ್ಲು ಆಗಿದ್ದರೆ ಬಾಯಿಬಿಟ್ಟು ಹೇಳಿ. ಮನೆಯಲ್ಲಿರುವ ಎಲ್ಲಾ ಮಾತ್ರೆ ತೆಗೆದುಕೊಂಡು ಹೋಗಿ. ಜಗಳೂರು ಕಡೆಯ ಯಜಮಾನರೊಬ್ಬರು ಕವರ್ ತಂದು ಕೌಂಟರ್ ಮೇಲೆ ಸುರಿದರು. ಅವರ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇತ್ತು. ಅದು ಯೂರಿಕ್ ಆಸಿಡ್ ಏರಿಸುತ್ತದೆ. ಸ್ಟ್ರಿಪ್ ಮೇಲೆ ಪೆನ್ನಲ್ಲಿ ಗುರುತು ಹಾಕಿ ಡಾಕ್ಟರ್ ಹತ್ತಿರ ಕಳಿಸಿದೆ. ಅವರು ಲೋಸಾರ್ಟನ್‌ಗೆ ಬದಲಾಯಿಸಿದರು. ಅದು ಯೂರಿಕ್ ಆಸಿಡ್ಡನ್ನೂ ಸ್ವಲ್ಪ ಇಳಿಸುತ್ತದೆ.

ಯೂರಿಕ್ ಆಸಿಡ್ ಇಳಿಸಲು ಸಾಮಾನ್ಯವಾಗಿ ಮೊದಲು ಬರೆಯುವುದು ಅಲೋಪ್ಯೂರಿನಾಲ್. ಕಿಡ್ನಿ ತೊಂದರೆ ಇದ್ದರೂ ಕೊಡುತ್ತಾರೆ, ಆದರೆ ಕಡಿಮೆಯಿಂದ ಶುರು. 100 ಮಿ.ಗ್ರಾಂ, ಕಿಡ್ನಿ ಸೋತಿದ್ದರೆ 50. ಕೆಲವು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗೆ ಬರುವವರೆಗೆ ಡಾಕ್ಟರೇ ಏರಿಸುತ್ತಾ ಹೋಗುತ್ತಾರೆ. ಮೊದಲ ಎರಡು ಮೂರು ತಿಂಗಳು ಮೈಮೇಲೆ ಕಣ್ಣಿಡಿ. ದದ್ದು, ಬಾಯಿ ಹುಣ್ಣು, ಜ್ವರ ಕಂಡರೆ ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅಪರೂಪ ನಿಜ, ಆದರೆ ಪ್ರಾಣಕ್ಕೇ ಬರಬಹುದು.

ಅದು ಒಗ್ಗದವರಿಗೆ ಫೆಬುಕ್ಸೋಸ್ಟಾಟ್, ಸಾಮಾನ್ಯವಾಗಿ 40 ಮಿ.ಗ್ರಾಂನಿಂದ ಶುರು. 2018ರ ಕೇರ್ಸ್ ಅಧ್ಯಯನದಲ್ಲಿ ಅಲೋಪ್ಯೂರಿನಾಲ್ ತಿಂದವರಿಗಿಂತ ಇದನ್ನು ತಿಂದವರಲ್ಲಿ ಹೃದಯದ ಕಾರಣದ ಸಾವು ಜಾಸ್ತಿ ಕಂಡಿತ್ತು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಟ್ಟೆಚ್ಚರಿಕೆ ಹಾಕಿತು. 2020ರ ಫಾಸ್ಟ್ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ. ಆದರೂ ಹೃದಯದ ತೊಂದರೆ ಇರುವವರು ಕೇಳದೆ ಮುಟ್ಟಬೇಡಿ. ಕಿಡ್ನಿ ಕಲ್ಲು ಇರುವವರಿಗೆ ಯೂರಿಕ್ ಆಸಿಡ್ಡನ್ನು ಮೂತ್ರದಲ್ಲಿ ಹೊರಹಾಕಿಸುವ ಪ್ರೊಬೆನೆಸಿಡ್ ಸರಿಹೋಗುವುದಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ತಿನ್ನುತ್ತಿದ್ದರೆ ಅಲೋಪ್ಯೂರಿನಾಲ್ ಆಗಲಿ, ಫೆಬುಕ್ಸೋಸ್ಟಾಟ್ ಆಗಲಿ ಸುಮ್ನೆ ಶುರು ಮಾಡಬೇಡಿ, ರಕ್ತಕಣಗಳ ಸಂಖ್ಯೆಯೇ ಬಿದ್ದುಹೋಗಬಹುದು.

ಮಾತ್ರೆ ಶುರುವಾದ ಮೇಲೂ ನೋವು ಬರಬಹುದು. ಅಲೋಪ್ಯೂರಿನಾಲ್ ಶುರು ಮಾಡಿದ ಆ ಜಗಳೂರು ಕಡೆಯ ಯಜಮಾನರಿಗೆ 20ನೇ ದಿನಕ್ಕೇ ಬಂತು. "ಈ ಮಾತ್ರೆಯೇ ನೋವು ತರಿಸ್ತು, ಬಿಟ್ಟುಬಿಡ್ತೀನಿ" ಅಂತ ರಾತ್ರಿ ಫೋನ್ ಮಾಡಿದರು. ಬಿಡಬೇಡಿ, ಬೆಳಿಗ್ಗೆ ಡಾಕ್ಟರನ್ನು ನೋಡಿ ಅಂದೆ. ಡಾಕ್ಟರು ಕೆಲವು ತಿಂಗಳಿಗೆ ಇಂಥ ನೋವು ತಡೆಯುವ ಕಾಲ್ಚಿಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸಿದರು. ಕೀಲಿನಲ್ಲಿರುವ ಯೂರಿಕ್ ಆಸಿಡ್ಡಿನ ಹಳೆಯ ಹರಳು ಕರಗುವಾಗ ಹೀಗಾಗುವುದುಂಟು. ಈಗ ಅವರದು 200 ಮಿ.ಗ್ರಾಂ, ಹೋದ ತಿಂಗಳ ರಿಪೋರ್ಟ್‌ನಲ್ಲಿ ಯೂರಿಕ್ ಆಸಿಡ್ 5.8.