ಘಟ್ಟದ ಮೇಲೊಂದು ಪ್ರತಿ, ಕೆಳಗೊಂದು ಪ್ರತಿ

"ಬ್ಯಾಕಪ್ ಇದೆಯಾ?" ಎಂದು ಕೇಳಿದರೆ ನಮ್ಮ ಶಿರಸಿ ಕಡೆ ಬಹಳ ಮಂದಿ "ಓ, ಎಲ್ಲಾ ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೇನೆ" ಎನ್ನುತ್ತಾರೆ. ಸ್ವಲ್ಪ ಕೆದಕಿದರೆ ವಿಷಯ ಹೊರಬರುತ್ತದೆ. ಲ್ಯಾಪ್‌ಟಾಪ್ ತುಂಬಿ ಹೋಯಿತೆಂದು ಫೋಟೊ, ವಿಡಿಯೊ ಎಲ್ಲವನ್ನೂ ಕಟ್ ಮಾಡಿ ಹೊರಗಿನ ಡಿಸ್ಕಿಗೆ ಪೇಸ್ಟ್ ಮಾಡಿರುತ್ತಾರೆ. ಮೊದಲು ಲ್ಯಾಪ್‌ಟಾಪಿನಲ್ಲಿ ಒಂದೇ ಪ್ರತಿ ಇತ್ತು. ಈಗ ಡಿಸ್ಕಿನಲ್ಲಿ ಒಂದೇ ಪ್ರತಿ ಇದೆ. ಅದೂ ಮೇಜಿನ ಅಂಚಿನಲ್ಲಿ, ವೈರಿಗೆ ಕೈ ತಾಗಿದರೆ ಬೀಳುವ ಡಿಸ್ಕಿನಲ್ಲಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಫೈಲುಗಳಿಗೇನೂ ಬರ ಇಲ್ಲ. ಯಕ್ಷಗಾನದ ಆಟದ ವಿಡಿಯೊ, ತಾಳಮದ್ದಳೆಯ ಆಡಿಯೊ, ಅಜ್ಜಿ ಹೇಳಿದ ಮದುವೆ ಹಾಡು, ಮಕ್ಕಳ ಫೋಟೊ, ತೋಟದ ಲೆಕ್ಕ. ಫೋನಿನಲ್ಲಿ ಫುಲ್ ಎಚ್‌ಡಿ ವಿಡಿಯೊ ತೆಗೆದರೆ ನಿಮಿಷಕ್ಕೆ ಸುಮಾರು 100 ಎಂಬಿ ಆಗುತ್ತದೆ. ಬೆಳಗಿನ ತನಕದ ಆಟ ಎಂಟು ತಾಸು ಎಂದಿಟ್ಟುಕೊಂಡರೂ 48 ಜಿಬಿ. ಇಪ್ಪತ್ತು ಆಟ ಸೇರಿದರೆ ಹತ್ತಿರ ಹತ್ತಿರ ಒಂದು ಟಿಬಿ. ಇಷ್ಟನ್ನು ಉಳಿಸಿಕೊಳ್ಳುವ ಕ್ರಮ ಹೀಗೆ.

ಹಂತ 1: ಮೂರು ಗುಡ್ಡೆ ಮಾಡಿ

ಮತ್ತೆ ಸಿಗದೇ ಇರುವುದು ಒಂದು ಗುಡ್ಡೆ. ಮತ್ತೆ ಮಾಡಬಹುದು ಆದರೆ ವಾರಗಟ್ಟಲೆ ಹಿಡಿಯುವುದು ಇನ್ನೊಂದು. ಎಲ್ಲಿ ಬೇಕಾದರೂ ಸಿಗುವ ಸಿನಿಮಾ, ಸಾಫ್ಟ್‌ವೇರ್ ಮೂರನೆಯದು. ಮೂರನೆಯ ಗುಡ್ಡೆಗೆ ಬ್ಯಾಕಪ್ ಬೇಡ. ಮೊದಲಿನ ಎರಡನ್ನು ಒಂದೇ ಫೋಲ್ಡರಿನ ಅಡಿಯಲ್ಲಿ ತನ್ನಿ. ಡೆಸ್ಕ್‌ಟಾಪ್‌ನಲ್ಲಿ ಹತ್ತು, ಡೌನ್‌ಲೋಡ್ಸ್‌ನಲ್ಲಿ ಇಪ್ಪತ್ತು, ವಾಟ್ಸ್ಆ್ಯಪ್‌ನಲ್ಲಿ ನೂರು ಎಂದು ಚದುರಿದ್ದರೆ ಮುಂದೆ ಹೇಳುವ ಯಾವುದೂ ಸರಿಯಾಗಿ ನಡೆಯುವುದಿಲ್ಲ.

ಹಂತ 2: ಎಲ್ಲೆಲ್ಲಿ ಇಡುವುದು

ಜಗತ್ತಿನಾದ್ಯಂತ ಒಪ್ಪಿರುವ ಲೆಕ್ಕ 3-2-1. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಲ್ಯಾಪ್‌ಟಾಪಿನಲ್ಲಿರುವುದೂ ಲೆಕ್ಕಕ್ಕೆ ಸೇರಿತು. ಹಾಗಾಗಿ ಎರಡು ಡಿಸ್ಕ್ ಕೊಂಡರೆ ಸಾಕು.

ಜನ ಸುಮ್ನೆ ಬಿಟ್ಟುಬಿಡುವುದು ಈ ಮನೆಯ ಹೊರಗಿನ ಪ್ರತಿಯನ್ನು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ತೀರದ ಊರುಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? 2021ರ ಜುಲೈಯಲ್ಲಿ ಮತ್ತೆ ಬಂತು. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಮತ್ತು ಡಿಸ್ಕ್ ಒಂದೇ ಕಪಾಟಿನಲ್ಲಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಪಕ್ಕದ ಮನೆಯಲ್ಲಿ ಇಟ್ಟರೂ ಅದೇ ಕತೆ.

ನಮಗೆ ದೊಡ್ಡ ಅನುಕೂಲವೊಂದಿದೆ. ಘಟ್ಟದ ಮೇಲಿನವರಿಗೆ ಕೆಳಗೆ ನೆಂಟರಿದ್ದಾರೆ, ಕೆಳಗಿನವರಿಗೆ ಮೇಲೆ. ಶಿರಸಿಯವರ ಡಿಸ್ಕ್ ಕುಮಟಾದಲ್ಲಿರಲಿ, ಕಾರವಾರದವರದ್ದು ಯಲ್ಲಾಪುರದಲ್ಲಿರಲಿ. ಮದುವೆ, ಉಪನಯನ, ತಿಥಿ ಅಂತ ವರ್ಷಕ್ಕೆ ನಾಲ್ಕಾರು ಸಲ ಓಡಾಟ ಇದ್ದೇ ಇರುತ್ತದೆ. "ಭಾವ, ಇದು ನಿಮ್ಮಲ್ಲಿರಲಿ, ಹಳೆಯದನ್ನು ಕೊಡಿ" ಎಂದು ಬದಲಾಯಿಸಿಕೊಂಡು ಬನ್ನಿ. ಮೂರನೆಯ ಡಿಸ್ಕ್ ಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಇಲ್ಲವಾದರೆ ಎರಡೂ ಡಿಸ್ಕ್ ಏಕಕಾಲಕ್ಕೆ ನಿಮ್ಮ ಮನೆಯಲ್ಲಿರುವ ಹೊತ್ತು ಆದಷ್ಟು ಕಡಿಮೆ ಇರುವಂತೆ ನೋಡಿಕೊಳ್ಳಿ. ಬ್ಯಾಂಕಿನ ಕಾಗದ, ಆಧಾರ್ ಸ್ಕ್ಯಾನ್ ಅದರಲ್ಲಿದ್ದರೆ ವೆರಾಕ್ರಿಪ್ಟ್ ಅಥವಾ ಬಿಟ್‌ಲಾಕರ್ ಎಂಬ ತಂತ್ರಾಂಶದಿಂದ ಬೀಗ ಹಾಕಿ. ವೆರಾಕ್ರಿಪ್ಟ್‌ನ ಪಾಸ್‌ವರ್ಡ್ ಮರೆತರೆ ಫೈಲುಗಳನ್ನು ತೆಗೆಯಲು ದಾರಿಯೇ ಇಲ್ಲ, ಬಿಟ್‌ಲಾಕರ್ ಆದರೆ ಅದು ಕೊಡುವ ರಿಕವರಿ ಕೀ ಒಂದೇ ದಾರಿ. ಇವನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಇಡಿ, ಡಿಸ್ಕಿನ ಡಬ್ಬಿಯಲ್ಲಿ ಬೇಡ.

ಕ್ಲೌಡ್ ಸಾಲದೇ ಎಂದು ಕೇಳುವವರಿದ್ದಾರೆ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಡ್ರೈವ್, ಫೋಟೊ ಎಲ್ಲವೂ. 2021ರ ಜೂನ್ 1ರಿಂದ ಸಣ್ಣ ಗಾತ್ರಕ್ಕೆ ಇಳಿಸಿದ ಫೋಟೊಗಳೂ ಆ ಲೆಕ್ಕಕ್ಕೆ ಬರುತ್ತವೆ. ದುಡ್ಡು ಕೊಟ್ಟು ಜಾಗ ಕೊಂಡರೂ ಕಳಿಸುವುದು ಹೇಗೆ? ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ ಒಂದು ಟಿಬಿ ಹೋಗಲು ಹಗಲು ರಾತ್ರಿ ಸೇರಿ ಒಂಬತ್ತು ದಿನಕ್ಕೂ ಜಾಸ್ತಿ ಬೇಕು. ಮಧ್ಯೆ ಮರ ಬಿದ್ದು ಕೇಬಲ್ ಕಡಿದರೆ ಆ ದಿನಗಳು ಬೇರೆ. ಕಾಗದಪತ್ರ ಮತ್ತು ಆಯ್ದ ಫೋಟೊಗಳಿಗೆ ಮಾತ್ರ ಕ್ಲೌಡ್, ಉಳಿದದ್ದಕ್ಕೆ ಡಿಸ್ಕ್. ಇನ್ನೊಂದು ವಿಷಯ: ಫೋನಿನ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಬ್ಯಾಕಪ್ ಆದ ಫೋಟೊ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಸಿಗದು.

ಹಂತ 3: ಡಿಸ್ಕ್ ಕೊಳ್ಳುವುದು

ಮಾಮೂಲಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಫೈಲುಗಳು ಎಷ್ಟಿವೆಯೋ ಅದರ ಎರಡು ಪಟ್ಟು ದೊಡ್ಡದಿರಲಿ. ಎರಡನ್ನೂ ಒಂದೇ ದಿನ ಒಂದೇ ಕಂಪನಿಯದ್ದು ತರಬೇಡಿ, ತಯಾರಿಕೆಯಲ್ಲಿ ದೋಷವಿದ್ದರೆ ಎರಡೂ ಒಟ್ಟಿಗೆ ಕೈಕೊಡಬಹುದು. 1 ಟಿಬಿಯ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಎಣಿಸುವ ಕ್ರಮದ ವ್ಯತ್ಯಾಸ. ಅದಕ್ಕಾಗಿ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಿರುವ ಡಿಸ್ಕ್) ವೇಗವಾಗಿದೆ, ಬಿದ್ದರೂ ತಡೆಯುತ್ತದೆ. ಆದರೆ ಕರೆಂಟು ತಾಗಿಸದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರ ಒಳಗಿನ ಚಾರ್ಜ್ ಸೋರಿ ಫೈಲು ಕೆಡಬಹುದು, ಸೆಕೆ ಇದ್ದರೆ ಇನ್ನೂ ಬೇಗ. ನೆಂಟರ ಮನೆಯಲ್ಲಿ ಇಡುವುದಕ್ಕೆ ಅದು ಬೇಡ. ಪೆನ್ ಡ್ರೈವ್ ಅಂತೂ ಬೇಡವೇ ಬೇಡ. ಡಿವಿಡಿಗೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಆನ್‌ಲೈನಿನಲ್ಲಿ "16 ಟಿಬಿ, ಒಂದೂವರೆ ಸಾವಿರಕ್ಕೆ" ಎಂದು ಬರುವವು ಶುದ್ಧ ಮೋಸ. ಒಳಗೆ 64 ಜಿಬಿಯ ಮೆಮೊರಿ ಕಾರ್ಡ್ ಅಂಟಿಸಿ, 16 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ಕಾಪಿ ಆದಂತೆ ಕಾಣುತ್ತದೆ, ಫೈಲಿನ ಹೆಸರೂ ಇರುತ್ತದೆ, ತೆರೆದರೆ ಒಳಗೆ ಏನೂ ಇಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಡಿಸ್ಕನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತದೆ. ಹೊಸ ಡಿಸ್ಕ್ ಯಾವುದೇ ಇರಲಿ, ಒಂದು ರಾತ್ರಿ ಅದಕ್ಕೆ ಬಿಟ್ಟುಬಿಡಿ.

ವಿಂಡೋಸ್ ಮಾತ್ರ ಬಳಸುವವರು ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಕ್ರಮ) ಫಾರ್ಮ್ಯಾಟ್ ಮಾಡಿ. ಕಾಪಿ ಆಗುವಾಗ ಕರೆಂಟು ಹೋದರೆ ಎಕ್ಸ್‌ಫ್ಯಾಟ್‌ಗಿಂತ ಇದು ಚೆನ್ನಾಗಿ ಸುಧಾರಿಸಿಕೊಳ್ಳುತ್ತದೆ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದೇ ಇಲ್ಲ.

ಹಂತ 4: ಕಾಪಿ ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲಿ. ಮೌಸಿನಲ್ಲಿ ಎಳೆದು ಹಾಕುವುದು ಮೊದಲ ಸಲಕ್ಕೆ ಹೇಗೋ ನಡೆಯುತ್ತದೆ. ಎರಡನೆಯ ಸಲ ಯಾವುದು ಹೊಸದು, ಯಾವುದು ಹಳೆಯದು ಗೊತ್ತಾಗದೆ ಪೂರ್ತಿ ಫೋಲ್ಡರನ್ನು ಮತ್ತೆ ಹಾಕುತ್ತಾರೆ. ಮೂರನೆಯ ಸಲಕ್ಕೆ 'ಫೋಟೊ', 'ಫೋಟೊ ಹೊಸದು', 'ಫೋಟೊ ಕೊನೆಯದು' ಎಂದು ಡಿಸ್ಕ್ ತುಂಬಿರುತ್ತದೆ.

ಮ್ಯಾಕ್ ಇರುವವರು ಅದರಲ್ಲೇ ಇರುವ ಬ್ಯಾಕಪ್ ತಂತ್ರಾಂಶ ಟೈಮ್ ಮಷೀನ್ ಹಾಕಿಕೊಂಡು ನೇರ ಐದನೇ ಹಂತಕ್ಕೆ ಹೋಗಿ. ಹೊಸ, ಖಾಲಿ ಡಿಸ್ಕನ್ನೇ ಕೊಡಿ. ವಿಂಡೋಸ್‌ನವರಿಗೆ ನಾನು ಹೇಳುವುದು ಎರಡು ಫೋಲ್ಡರುಗಳನ್ನು ಹೋಲಿಸಿ ಕಾಪಿ ಮಾಡುವ ತಂತ್ರಾಂಶ ಫ್ರೀಫೈಲ್‌ಸಿಂಕ್. ಅದರದೇ ಸೈಟಿನಿಂದ ಇಳಿಸಿಕೊಳ್ಳಿ, ಸಿಕ್ಕ ಸಿಕ್ಕ ಡೌನ್‌ಲೋಡ್ ತಾಣಗಳಿಂದ ಬೇಡ.

ಮೊದಲು ಬ್ಯಾಕಪ್ ಡಿಸ್ಕಿನಲ್ಲಿ ಎರಡು ಫೋಲ್ಡರ್ ಮಾಡಿ. ಒಂದರ ಹೆಸರು 'ಈಗಿನದು', ಇನ್ನೊಂದು 'ಹಳೆಯದು'. ತಂತ್ರಾಂಶದ ಎಡಬದಿಯಲ್ಲಿ ಲ್ಯಾಪ್‌ಟಾಪಿನ ಫೋಲ್ಡರ್, ಬಲಬದಿಯಲ್ಲಿ ಡಿಸ್ಕಿನ 'ಈಗಿನದು'. ಎಡ ಬಲ ಇನ್ನೊಮ್ಮೆ ನೋಡಿ. ಹೊಸ ಖಾಲಿ ಡಿಸ್ಕನ್ನು ಎಡಕ್ಕೆ, ಲ್ಯಾಪ್‌ಟಾಪನ್ನು ಬಲಕ್ಕೆ ಕೊಟ್ಟು ಮಿರರ್ (ಬಲಬದಿಯನ್ನು ಎಡದಂತೆಯೇ ಮಾಡುವ ಆಯ್ಕೆ) ಒತ್ತಿದರೆ, ಬಲಕ್ಕಿರುವ ನಿಮ್ಮ ಫೈಲುಗಳೆಲ್ಲ ಗುಡಿಸಿ ಹೋಗುತ್ತವೆ. ಎರಡು ಬದಿ ತೀರಾ ಬೇರೆ ಇವೆ ಎಂದು ಅದು ಎಚ್ಚರಿಸುತ್ತದೆ. ಓದದೆ ಮುಂದೊತ್ತುವ ಕೈಗಳಿಗೆ ಆ ಎಚ್ಚರಿಕೆ ಎಲ್ಲಿ ನಾಟುತ್ತದೆ?

ಎಫ್8 ಒತ್ತಿ. ಟೂ ವೇ, ಮಿರರ್, ಅಪ್‌ಡೇಟ್ ಎಂಬ ಆಯ್ಕೆಗಳು ಕಾಣುತ್ತವೆ. ಟೂ ವೇ ಬೇಡ, ಅದು ಎರಡೂ ಬದಿಯ ಬದಲಾವಣೆಗಳನ್ನು ಪರಸ್ಪರ ದಾಟಿಸುತ್ತದೆ. ಅಪ್‌ಡೇಟ್ ಏನನ್ನೂ ಅಳಿಸುವುದಿಲ್ಲ ಎಂದು ಕೆಲವರಿಗೆ ಪ್ರೀತಿ. ಆದರೆ ಫೋಲ್ಡರಿನ ಹೆಸರು ಬದಲಿಸಿದಾಗಲೆಲ್ಲ ಹಳೆಯದೂ ಉಳಿದು, ಹೊಸದೂ ಬಂದು ಗೊಂದಲ ಆಗುತ್ತದೆ. ಮಿರರ್ ಆರಿಸಿ. ಜೊತೆಗೆ ಅಳಿಸಿದ ಮತ್ತು ಬದಲಾದ ಫೈಲುಗಳನ್ನು ಏನು ಮಾಡಬೇಕು ಎಂದು ಕೇಳುವ ಜಾಗದಲ್ಲಿ ವರ್ಷನಿಂಗ್ ಆರಿಸಿ, 'ಹಳೆಯದು' ಫೋಲ್ಡರನ್ನು ತೋರಿಸಿ. ಹೆಸರಿನ ಕ್ರಮದಲ್ಲಿ ಟೈಮ್ ಸ್ಟ್ಯಾಂಪ್ ಇರಲಿ.

ಈ ವರ್ಷನಿಂಗ್ ಒಂದಕ್ಕಾಗಿಯೇ ಇಷ್ಟೆಲ್ಲ ಹೇಳಿದ್ದು. 'ಗದಾಯುದ್ಧ-2' ಎಂಬ ವಿಡಿಯೊ ಇದೆ ಎಂದುಕೊಳ್ಳಿ. ವಾಟ್ಸ್ಆ್ಯಪ್‌ಗೆ ಕಳಿಸಲೆಂದು ಯಾರೋ ಅದರಲ್ಲಿ ಮೂರು ನಿಮಿಷದ ತುಂಡು ಕತ್ತರಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡುತ್ತಾರೆ. ಬರೀ ಮಿರರ್ ಇದ್ದರೆ ಮುಂದಿನ ಸಲ ಬ್ಯಾಕಪ್ ಮಾಡಿದಾಗ ಡಿಸ್ಕಿನಲ್ಲಿಯೂ ಮೂರು ನಿಮಿಷದ ತುಂಡೇ ಉಳಿಯುತ್ತದೆ. ಬ್ಯಾಕಪ್ ಕ್ರಮವಾಗಿ ನಡೆದಿದೆ, ಆಟ ಮಾತ್ರ ಹೋಗಿದೆ. ವರ್ಷನಿಂಗ್ ಇದ್ದರೆ ಪೂರ್ತಿ ವಿಡಿಯೊ ತಾರೀಕು, ವೇಳೆ ಅಂಟಿಸಿಕೊಂಡು 'ಹಳೆಯದು' ಫೋಲ್ಡರಿನಲ್ಲಿ ಕೂತಿರುತ್ತದೆ. ಎರಡು ತಿಂಗಳ ಬಳಿಕ ಗೊತ್ತಾದರೂ ಸಿಗುತ್ತದೆ. ಡಿಸ್ಕ್ ಎರಡು ಪಟ್ಟು ಇರಲಿ ಎಂದಿದ್ದು ಇದಕ್ಕೇ.

ಎಫ್5 ಒತ್ತಿದರೆ ಹೋಲಿಕೆ ಮಾಡುತ್ತದೆ. ಕೂಡಲೇ ಮುಂದೆ ಹೋಗಬೇಡಿ. ಎಷ್ಟು ಫೈಲು ಹೊಸದು, ಎಷ್ಟು ಬದಲಾಗುತ್ತದೆ, ಎಷ್ಟು ಅಳಿಯುತ್ತದೆ ಎಂಬ ಲೆಕ್ಕ ಕೊಡುತ್ತದೆ. ವಾರದಲ್ಲಿ ನೀವು ನಾಲ್ಕು ಫೋಟೊ ಅಳಿಸಿದ್ದೀರಿ, ಅದು ಸಾವಿರಗಟ್ಟಲೆ ಅಳಿಯುತ್ತದೆ ಎನ್ನುತ್ತಿದೆ ಎಂದರೆ ಅಲ್ಲೇ ನಿಲ್ಲಿ. ಯಾರೋ ಫೋಲ್ಡರ್ ಸರಿಸಿರಬಹುದು. ನೀವು ಮುಟ್ಟದೇ ಇದ್ದ ಸಾವಿರಾರು ಫೈಲು ಬದಲಾಗಿವೆ ಎಂದರೆ ಇನ್ನೂ ಕೆಟ್ಟದ್ದು, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕಿರಬಹುದು. ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಲೆಕ್ಕ ಸರಿ ಕಂಡರೆ ಮಾತ್ರ ಎಫ್9. ಈ ಏರ್ಪಾಡನ್ನು ಸೇವ್ ಮಾಡಿಟ್ಟರೆ ಮುಂದಿನ ಸಲ ಎರಡು ನಿಮಿಷದ ಕೆಲಸ.

ಮೊದಲ ಕಾಪಿಗೆ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ ಹುಡುಕಿ. ಸೆಕೆಂಡಿಗೆ 100 ಎಂಬಿ ಹೋದರೆ ಒಂದು ಟಿಬಿಗೆ ಮೂರು ತಾಸು. ಹಳೆಯ ಯುಎಸ್‌ಬಿ 2 ಆದರೆ ಎಂಟು ಹತ್ತು ತಾಸು. ಸಣ್ಣ ಸಣ್ಣ ಫೋಟೊ ಜಾಸ್ತಿ ಇದ್ದರೆ ಇನ್ನೂ ನಿಧಾನ. ಡೆಸ್ಕ್‌ಟಾಪ್ ಇರುವವರು ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಬೇಡಿ.

ಸ್ಟುಡಿಯೊ ಇಟ್ಟುಕೊಂಡವರು ಎರಡು ಡಿಸ್ಕಿನ ಪೆಟ್ಟಿಗೆ ತಂದು "ರೇಡ್ ಇದೆ, ಬ್ಯಾಕಪ್ ಯಾಕೆ?" ಎನ್ನುತ್ತಾರೆ. ಇಲ್ಲಿ ರೇಡ್ ಎಂದರೆ ಎರಡೂ ಡಿಸ್ಕಿಗೆ ಒಂದೇ ಹೊತ್ತಿಗೆ ಬರೆಯುವ ಏರ್ಪಾಡು. ಅದು ಕಾಯುವುದು ಒಂದು ಡಿಸ್ಕ್ ಕೆಟ್ಟಾಗ ಮಾತ್ರ. ನೀವು ಅಳಿಸಿದ ಫೈಲನ್ನು ಅದು ಎರಡೂ ಡಿಸ್ಕಿನಲ್ಲಿ ಅಳಿಸುತ್ತದೆ.

ಹಂತ 5: ಕಿತ್ತಿಡಿ

ಕಾಪಿ ಮುಗಿದ ಮೇಲೆ ಡಿಸ್ಕನ್ನು ಸೇಫ್ಲಿ ರಿಮೂವ್ ಮಾಡಿ ತೆಗೆದಿಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಕಂಪ್ಯೂಟರ್ ಸುಟ್ಟರೆ ಅದಕ್ಕೆ ಸಿಕ್ಕಿಸಿದ ಡಿಸ್ಕೂ ಸುಡುತ್ತದೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಎಂಬ ಇಂಥದೇ ಕುತಂತ್ರಾಂಶ ಸಿಕ್ಕಿಸಿಟ್ಟಿದ್ದ ಡಿಸ್ಕಿನ ಫೈಲುಗಳನ್ನೂ ಬಿಡಲಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕರಾವಳಿಯ ಉಪ್ಪು ಗಾಳಿಗೆ ಯುಎಸ್‌ಬಿ ಬಾಯಿ ತುಕ್ಕು ಹಿಡಿಯುತ್ತದೆ, ಅಲ್ಲಿನವರು ಇದನ್ನು ತಪ್ಪಿಸಲೇಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವವರೂ ಇದ್ದಾರೆ. ಹೊಗೆ ಮತ್ತು ಬಿಸಿ, ಎರಡೂ ಡಿಸ್ಕಿಗೆ ಆಗದು.

ಹಂತ 6: ತೆಗೆದು ನೋಡಿ

ಆರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಹಳೆಯ ಫೋಲ್ಡರುಗಳಿಂದ ಕಣ್ಣುಮುಚ್ಚಿ ನಾಲ್ಕೈದು ಫೈಲು ಆರಿಸಿ ತೆರೆಯಿರಿ. ಚಿಕ್ಕ ಚಿತ್ರ ಕಂಡಿತೆಂದು ಬಿಡಬೇಡಿ, ಫೋಟೊವನ್ನು ದೊಡ್ಡದು ಮಾಡಿ ನೋಡಿ. ವಿಡಿಯೊದ ಮಧ್ಯಕ್ಕೆ, ಕೊನೆಗೆ ಹೋಗಿ ಓಡಿಸಿ. ವರ್ಷಕ್ಕೊಮ್ಮೆ ಫ್ರೀಫೈಲ್‌ಸಿಂಕ್‌ನ ಎಫ್6ರಲ್ಲಿ ಫೈಲ್ ಕಂಟೆಂಟ್ ಆರಿಸಿ ಹೋಲಿಸಿದರೆ ಒಂದೊಂದು ಅಕ್ಷರವನ್ನೂ ತಾಳೆ ನೋಡುತ್ತದೆ. ತಾಸುಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ.

ಡಿಸ್ಕಿಗೆ ಐದು ವರ್ಷ ಆಯಿತೆಂದರೆ ಹೊಸದನ್ನು ತಂದು, ಹಳೆಯದನ್ನು ಹೆಚ್ಚುವರಿ ಪ್ರತಿ ಎಂದು ಇಟ್ಟುಕೊಳ್ಳಿ. ಟಕ್ ಟಕ್ ಎಂದು ಸದ್ದು ಶುರುವಾದರೆ ಮತ್ತೆ ಮತ್ತೆ ಸಿಕ್ಕಿಸಿ ಪ್ರಯತ್ನಿಸಬೇಡಿ, ಒಳಗಿನ ಹೆಡ್ ತಟ್ಟೆಯನ್ನು ಕೆರೆದು ಇದ್ದದ್ದೂ ಹೋಗುತ್ತದೆ. ಕಿತ್ತಿಟ್ಟು, ಕುಮಟಾದ ಭಾವನಿಗೆ ಫೋನ್ ಮಾಡಿ.