ಸೈಕಲ್ಲಿಗೆ ಕೊಳಲು ಒಗ್ಗಲಿಲ್ಲ, ಮೌತ್ ಆರ್ಗನ್ ಒಗ್ಗಿತು

ಮಂಗಳೂರಿನಿಂದ ಹಂಪಿಗೆ ಎರಡು ಸಲ ಸೈಕಲ್ಲಲ್ಲಿ ಹೋಗಿದ್ದೇನೆ. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರು, ಕಡೂರು, ಆಮೇಲೆ ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ. ಮೊದಲ ಸಲ ಜೊತೆಗಿದ್ದದ್ದು ಕೊಳಲು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕಲಿತಿದ್ದೆ, ಬೇರೆ ಯೋಚನೆಯೇ ಬರಲಿಲ್ಲ. ಬಿದಿರು, ಹಗುರ, ಇನ್ನೇನು ಬೇಕು ಅಲ್ವಾ?

ಒಂದಿಂಚಿನ ಪಿವಿಸಿ ಪೈಪ್ ಕತ್ತರಿಸಿ, ಎರಡೂ ತುದಿಗೆ ಸ್ಪಂಜು ತುರುಕಿ, ಕೊಳಲನ್ನು ಅದರೊಳಗಿಟ್ಟು ಸೈಕಲ್ಲಿನ ಅಡ್ಡ ಬಾರಿಗೆ ಕಟ್ಟಿದೆ. ನೋಡಲು ಚೆನ್ನಾಗಿತ್ತು. ಪೊಲೀಸರೊಬ್ಬರು ನಿಲ್ಲಿಸಿ ಏನದು ಅಂತ ಕೇಳಿದ್ದೂ ಆಯಿತು.

ತೊಂದರೆ ಗೊತ್ತಾದದ್ದು ಘಾಟಿಯ ಮೇಲಿನ ಕೊಟ್ಟಿಗೆಹಾರದಲ್ಲಿ. ಘಾಟಿ ಹತ್ತಿ ಬಂದವನಿಗೆ ಏದುಸಿರು. ಕೊಳಲಿಗೆ ಉಸಿರು ಹೊರಗೆ ಬಿಟ್ಟರಷ್ಟೇ ನಾದ, ಅದೂ ತೆಳ್ಳಗೆ, ಹದವಾಗಿ. ನನ್ನದು ತಿದಿ ಒತ್ತಿದ ಹಾಗೆ ಬರುತ್ತಿತ್ತು. ಅರ್ಧ ಗಂಟೆ ಸುಧಾರಿಸಿಕೊಂಡರೂ ಇನ್ನೊಂದು ಕಾಟ. ಇಡೀ ದಿನ ಹ್ಯಾಂಡಲ್ ಮೇಲೆ ಭಾರ ಬಿಟ್ಟು ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿದಿದ್ದವು. ತೂತು ಮುಚ್ಚಿದೆನೋ ಇಲ್ಲವೋ ಬೆರಳಿಗೇ ತಿಳಿಯದು. ಗಾಳಿ ಸೋರಿ ಪ್ರತಿ ಸ್ವರವೂ ಪೀ ಅಂತ ಕಿರುಚಿತು.

ಕೂಡ್ಲಿಗಿ ಕಡೆಯ ಒಣ ಬಿಸಿಲಿಗೆ ಪೈಪ್ ಒಳಗೆ ಕಾದು ಕೊಳಲಿಗೆ ಕೂದಲೆಳೆಯಷ್ಟು ಬಿರುಕೂ ಬಿತ್ತು. ಕರಾವಳಿಯ ತೇವದಲ್ಲಿದ್ದ ಬಿದಿರು, ಪಾಪ. ಮೇಣ ಹಚ್ಚಿದ ದಾರ ಬಿಗಿಯಾಗಿ ಸುತ್ತಿ ಹೇಗೋ ಮನೆ ಮುಟ್ಟಿಸಿದೆ.

ಎರಡನೇ ಸಲಕ್ಕೆ ಖಂಜಿರ, ಅಂದರೆ ಕೈಯಲ್ಲಿ ಹಿಡಿದು ಬಡಿಯುವ ಪುಟ್ಟ ಚರ್ಮವಾದ್ಯ, ಯೋಚಿಸಿದೆ. ಮಳೆಗಾಳಿಗೆ ಚರ್ಮ ಸಡಿಲವಾಗುತ್ತೆ, ಬಿಟ್ಟೆ. ಪುಟ್ಟ ಗಿಟಾರಿನಂಥ ಯೂಕುಲೇಲಿ ತಂದರೆ ಜಾಗ ಸಾಲದೆ ಟೆಂಟ್ ಮನೆಯಲ್ಲಿಡಬೇಕು. ಹಲ್ಲಿಗೆ ಒತ್ತಿ ಮೀಟುವ ಮೋರ್ಸಿಂಗ್ ಜೇಬಿಗೆ ಹಿಡಿಯುತ್ತೆ, ಆದರೆ ಅದು ತಾಳಕ್ಕೆ, ನನಗೆ ಹಾಡು ನುಡಿಸುವ ಆಸೆ. ಕೊನೆಗೆ ಹತ್ತು ತೂತಿನ ಸಿ ಶ್ರುತಿಯ ಮೌತ್ ಆರ್ಗನ್ ಕೊಂಡೆ. ನೂರು ಗ್ರಾಂ ಆಸುಪಾಸು ತೂಕ. ನಡುವಿನ ಹಲ್ಲುಪಟ್ಟಿ (ತೂತುಗಳಿರುವ ಭಾಗ) ಪ್ಲಾಸ್ಟಿಕ್ಕಿನದೇ ಬೇಕು ಅಂತ ಹಟ ಹಿಡಿದೆ, ಮರದ್ದು ಎಂಜಲಿಗೆ ಉಬ್ಬುತ್ತೆ.

ಇದರಲ್ಲಿ ಉಸಿರು ಎಳೆದರೂ ಸ್ವರ, ಬಿಟ್ಟರೂ ಸ್ವರ. ಏದುಸಿರಿಗೆ ಹೇಳಿ ಮಾಡಿಸಿದ್ದು! ಜೋಮು ಹಿಡಿದ ಬೆರಳಿಗೆ ಸುಮ್ನೆ ಹಿಡಿದುಕೊಳ್ಳುವ ಕೆಲಸ ಅಷ್ಟೇ.

ಸ್ವರಗಳ ವಿಷಯದಲ್ಲಿ ಮಾತ್ರ ಬಡತನ. 4ನೇ ತೂತು ಊದಿದರೆ ಸ, ಎಳೆದರೆ ರಿ. 5ರಲ್ಲಿ ಗ, ಮ. 6ರಲ್ಲಿ ಪ, ದ. 7ಕ್ಕೆ ಬಂದಾಗ ತಲೆಕೆಳಗು: ಎಳೆದರೆ ನಿ, ಊದಿದರೆ ಮೇಲಿನ ಸ. ಅಂದರೆ ಶಂಕರಾಭರಣ ರಾಗ ಇದೆ, ಮೋಹನ ರಾಗ ಸಲೀಸು. ಆದರೆ ನಾವೆಲ್ಲ ಮೊದಲು ಕಲಿಯುವ ಸರಳೆ ವರಸೆಯೇ ಬಾರದು. ಅದು ಮಾಯಾಮಾಳವಗೌಳ ರಾಗ, ಅದಕ್ಕೆ ಬೇಕಾದ ಶುದ್ಧ ರಿಷಭ, ಶುದ್ಧ ಧೈವತ (ಇನ್ನೂ ತಗ್ಗಿನ ರಿ, ದ) ಮೌತ್ ಆರ್ಗನ್ನಿನಲ್ಲಿ ನೇರವಾಗಿ ಸಿಗುವುದಿಲ್ಲ. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಮ, ದ ಕೂಡ ಹಾಗೆಯೇ, ಉಸಿರು ಬಗ್ಗಿಸಿ ತೆಗೆಯಬೇಕು. ನನಗಿನ್ನೂ ಒಗ್ಗಿಲ್ಲ. ಸ್ವರ ತೂಗಿಸುವ ಗಮಕದ ಮಾತೇ ಬೇಡ.

ಇಡುವ ಜಾಗ ಹ್ಯಾಂಡಲ್ ಬ್ಯಾಗ್, ಜಿಪ್ ಕವರ್ ಒಳಗೆ. ಹಿಂದಿನ ಬ್ಯಾಗಿನ ತಳದಲ್ಲಿಟ್ಟರೆ ತೆಗೆಯಲು ಸೋಮಾರಿತನ, ನುಡಿಸುವುದೇ ಇಲ್ಲ. ಬೆಳಗಿನ ಚಳಿಗೆ ರೀಡು (ಒಳಗೆ ಅದುರಿ ಸ್ವರ ಹೊರಡಿಸುವ ಲೋಹದ ಪಟ್ಟಿ) ಅಂಟಿಕೊಳ್ಳುತ್ತೆ, ಅಂಗೈಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ. ತಿಂದ ಮೇಲೆ ಬಾಯಿ ಮುಕ್ಕಳಿಸದೆ ಊದಲೇಬೇಡಿ. ಉಜಿರೆಯಲ್ಲಿ ಗೋಳಿಬಜೆ ತಿಂದು ಹಾಗೇ ಊದಿದೆ, ತೆಂಗಿನ ಚೂರೊಂದು 4ನೇ ತೂತಿನಲ್ಲಿ ಸಿಕ್ಕಿಕೊಂಡಿತು. ಸಣ್ಣ ಸ್ಕ್ರೂಡ್ರೈವರ್ ತಂದಿರಲಿಲ್ಲ. ಮೂಡಿಗೆರೆಯಲ್ಲಿ ಗಡಿಯಾರ ರಿಪೇರಿಯವರು ಬಿಚ್ಚಿ ಕೊಡುವ ತನಕ ನಡು ಷಡ್ಜವಿಲ್ಲದ ಮೋಹನವನ್ನೇ ನುಡಿಸಿದೆ.